ಒಂಟಿ ಪಯಣದ ಹೆಣ್ಣು: ಭಯ ಯಾರದು, ಹೊಣೆ ಯಾರದು?

(ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲೂಕುಗಳ ಪಾಲಕರು ಹಾಗೂ ವಿದ್ಯಾರ್ಥಿನಿಯರು ಸೇರಿದ್ದ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಒಂಟಿಯಾಗಿ ಪ್ರಯಾಣಿಸುವ ಮಹಿಳೆಯ ಸುರಕ್ಷತೆಯ ಕುರಿತು ಮಾತನಾಡಬೇಕೆಂದು ನಮಗೆ ಸೂಚಿಸಲಾಗಿದೆ. ಈ ಮಾತು ಕೇಳಿದ ಕೂಡಲೇ ನಮ್ಮ ಕಲ್ಪನೆ ದೆಹಲಿ, ಮುಂಬಯಿ, ಲಂಡನ್, ಪ್ಯಾರಿಸ್‌ನಂತಹ ಮಹಾನಗರಗಳತ್ತ ಧಾವಿಸುತ್ತದೆ. ಮಧ್ಯರಾತ್ರಿಯ ಬೀದಿ, ಅಪರಿಚಿತ ಮುಖಗಳು, ಭಾಷೆ ಬಾರದ ಊರು. ಆದರೆ ನಮ್ಮ ಹೆಣ್ಣುಮಕ್ಕಳ ಪೈಕಿ ಎಷ್ಟು ಮಂದಿ ಲಂಡನ್‌ನ ರಸ್ತೆಯಲ್ಲಿ ನಡೆಯುತ್ತಾರೆ? ಪ್ರತಿದಿನ ಬೆಳಿಗ್ಗೆ ಸದಲಗಾದಿಂದ, ಬೋರಗಾಂವದಿಂದ, ಕುಡಚಿಯಿಂದ, ಉಗಾರದಿಂದ, ಶೇಡಬಾಳದಿಂದ ಬ್ಯಾಗು ಹೆಗಲಿಗೇರಿಸಿ ಹೊರಡುವ ಸಾವಿರಾರು ಹೆಣ್ಣುಮಕ್ಕಳು ನಮ್ಮ ಕಣ್ಣಮುಂದೆಯೇ ಇದ್ದಾರೆ. ಅವರಿಗೂ ಅದೇ ಅಪರಿಚಿತ ಮುಖಗಳಿವೆ. ಗಡಿ ದಾಟಿದರೆ ಅದೇ ಬೇರೆ ಭಾಷೆ, ಬೇರೆ ಪೊಲೀಸು, ಬೇರೆ ಸರ್ಕಾರ. ಆದುದರಿಂದ ಯುರೋಪಿನ ಮಹಾನಗರದ ಮಾತನ್ನು ಆಮೇಲೆ ಆಡೋಣ, ಮೊದಲು ನಮ್ಮ ಬಸ್ ನಿಲ್ದಾಣದ ಮಾತಾಡೋಣ.

ಈ ಐದು ತಾಲೂಕುಗಳ ಸ್ಥಿತಿ ರಾಜ್ಯದ ಉಳಿದೆಡೆಗಿಂತ ತುಸು ಭಿನ್ನ. ನಿಪ್ಪಾಣಿಗೆ ರೈಲಿಲ್ಲ, ಅಥಣಿಗೂ ಇಲ್ಲ. ಚಿಕ್ಕೋಡಿ ರೋಡ್ ಎಂಬ ಹೆಸರಿನ ರೈಲು ನಿಲ್ದಾಣವಿದೆಯಾದರೂ ಅದು ಚಿಕ್ಕೋಡಿ ಪಟ್ಟಣದಲ್ಲಿಲ್ಲ. ಹೆಸರನ್ನು ನಂಬಿ ಅಲ್ಲಿ ಇಳಿದ ಹೊಸಬರ ಪಾಡು ಈ ಭಾಗದ ಜನರಿಗೆಲ್ಲ ತಿಳಿದದ್ದೇ. ಒಳ್ಳೆಯ ಆಸ್ಪತ್ರೆ ಬೇಕೆಂದರೆ ಮೀರಜ್, ದೊಡ್ಡ ಪೇಟೆ ಬೇಕೆಂದರೆ ಕೊಲ್ಹಾಪುರ ಇಲ್ಲವೇ ಸಾಂಗ್ಲಿ, ಸರ್ಕಾರಿ ಕೆಲಸವೆಂದರೆ ಬೆಳಗಾವಿ. ಎಲ್ಲಿಗೆ ಹೋದರೂ ಬಸ್ಸು ಬದಲಿಸಬೇಕು, ಎಲ್ಲೋ ಕಾಯಬೇಕು. ಈ ಕಾಯುವಿಕೆಯೇ ನಮ್ಮ ಹೆಣ್ಣುಮಕ್ಕಳ ಪ್ರಯಾಣದ ಅತ್ಯಂತ ಕಠಿಣ ಭಾಗ. ಓಡುವ ಬಸ್ಸಿನಲ್ಲಿ ನಿರ್ವಾಹಕನಿರುತ್ತಾನೆ, ನಾಲ್ಕು ಜನರಿರುತ್ತಾರೆ. ಕತ್ತಲು ಕವಿದ ಕ್ರಾಸಿನಲ್ಲಿ, ದೀಪ ಕೆಟ್ಟ ತಂಗುದಾಣದಲ್ಲಿ, ಎರಡೂ ಬದಿಗೆ ಆಳೆತ್ತರ ಬೆಳೆದ ಕಬ್ಬಿನ ನಡುವಿನ ಒಳರಸ್ತೆಯಲ್ಲಿ ಯಾರಿರುತ್ತಾರೆ?

ಕಬ್ಬಿನ ವಿಚಾರವನ್ನು ನಾವು ಬೇಕೆಂದೇ ಎತ್ತಿದೆವು. ಕೃಷ್ಣೆ, ದೂಧಗಂಗೆಯರ ನೀರು ಈ ನೆಲಕ್ಕೆ ಸಂಪತ್ತನ್ನು ತಂದಿದೆ, ಸಕ್ಕರೆ ಕಾರ್ಖಾನೆಗಳು ಎದ್ದಿವೆ. ಆದರೆ ಮುಖ್ಯರಸ್ತೆಯಲ್ಲಿ ಬಸ್ಸಿಳಿದು ತೋಟದ ಮನೆಗೆ ನಡೆದು ಹೋಗುವ ಹುಡುಗಿಗೆ ಕಬ್ಬು ಒಂದು ಗೋಡೆ. ಅದರೊಳಗೆ ಯಾರಿದ್ದಾರೆಂದು ಆಕೆಗೆ ಕಾಣದು, ಆಕೆ ಕೂಗಿದರೆ ಆಚೆ ಕೇಳದು. ತೋಟದಲ್ಲೇ ಮನೆ ಮಾಡಿಕೊಂಡಿರುವ ಕುಟುಂಬಗಳು ಇಲ್ಲಿ ಬಹಳ. ಅಂತಹ ಮನೆಗಳ ಹೆಣ್ಣುಮಕ್ಕಳು ಕಬ್ಬು ಕಡಿದು ಮುಗಿಯುವ ತನಕ ಸಂಜೆಯ ತರಗತಿಯನ್ನು ತಪ್ಪಿಸುತ್ತಾರೆ. ಹಾಜರಿ ಪುಸ್ತಕದಲ್ಲಿ ಅದು 'ಗೈರು' ಎಂದಷ್ಟೇ ದಾಖಲಾಗುತ್ತದೆ. ಮಳೆಗಾಲದ ಕಥೆ ಇನ್ನೊಂದು. ಕಲ್ಲೋಳ-ಯಡೂರಿನಂತಹ ತಗ್ಗು ಸೇತುವೆಗಳು ಮುಳುಗಿದಾಗ ದಾರಿ ಸುತ್ತುಬಳಸಾಗುತ್ತದೆ, ಹಗಲಿಗೆ ಮನೆ ಸೇರಬೇಕಾದವಳು ಇರುಳಿಗೆ ಸೇರುತ್ತಾಳೆ. 2019ರ ಆಗಸ್ಟ್ ಮತ್ತು 2021ರ ಜುಲೈನ ನೆರೆಯಲ್ಲಂತೂ ಊರಿಗೆ ಊರೇ ದಾರಿ ಕಳೆದುಕೊಂಡಿದ್ದವು.

ಈಗ ಸರ್ಕಾರ ಮಾಡಿದ್ದೇನು ಎಂಬ ಪ್ರಶ್ನೆ. ಮಾಡಿಲ್ಲವೆಂದು ಹೇಳಿದರೆ ಅದು ಅನ್ಯಾಯವಾಗುತ್ತದೆ. 2023ರ ಜೂನ್ 11ರಂದು ಕರ್ನಾಟಕದಲ್ಲಿ ಶಕ್ತಿ ಯೋಜನೆ ಆರಂಭವಾಯಿತು. ಅದೇ ವರ್ಷದ ಮಾರ್ಚ್ 17ರಿಂದ ಮಹಾರಾಷ್ಟ್ರವು ತನ್ನ ಸಾರಿಗೆ ಬಸ್ಸುಗಳಲ್ಲಿ ಮಹಿಳೆಯರಿಗೆ ಅರ್ಧ ದರ ಮಾಡಿತು. ಗಡಿಯ ಹೆಣ್ಣುಮಗಳಿಗೆ ಇವೆರಡೂ ದೊಡ್ಡ ಕೊಡುಗೆಗಳೇ. ಗಂಡನ ಮುಂದೆ ಕೈಚಾಚದೆ ತವರಿಗೆ ಹೋಗಿಬಂದ ತಾಯಂದಿರನ್ನು ನಾವು ಕಂಡಿದ್ದೇವೆ. ಅದನ್ನು ಹಗುರಾಗಿ ಕಾಣುವವರು, ಬಸ್ಸಿನಲ್ಲಿ ಹೆಂಗಸರೇ ತುಂಬಿಕೊಂಡಿದ್ದಾರೆ ಎಂದು ಗೊಣಗುವವರು, ಅಷ್ಟು ವರ್ಷ ಆ ಹೆಂಗಸರು ಎಲ್ಲಿದ್ದರು ಎಂದು ಒಮ್ಮೆ ತಮ್ಮನ್ನೇ ಕೇಳಿಕೊಳ್ಳಲಿ. ಆದರೆ ಟಿಕೆಟ್ ಕೊಟ್ಟ ಮಾತ್ರಕ್ಕೆ ಸುರಕ್ಷತೆ ಕೊಟ್ಟಂತಾಗುವುದಿಲ್ಲ. ಪ್ರಯಾಣಿಕರು ಹೆಚ್ಚಿದ ಪ್ರಮಾಣದಲ್ಲಿ ಬಸ್ಸುಗಳೂ ಹೆಚ್ಚದಿದ್ದರೆ ನೂಕುನುಗ್ಗಲು ಉಂಟಾಗುತ್ತದೆ. ನೂಕುನುಗ್ಗಲೆಂಬುದು ಕೆಟ್ಟ ಕೈಗಳಿಗೆ ಪರದೆ. ಉಚಿತ ಪ್ರಯಾಣದ ಬಸ್ಸು ನಿಲ್ಲಿಸದೆ ಮುಂದೆ ಹೋದರೆ ಅದೇ ಸಂಜೆ ಹುಡುಗಿಯೊಬ್ಬಳು ಒಂದು ತಾಸು ಹೆಚ್ಚು ಕತ್ತಲಲ್ಲಿ ನಿಲ್ಲುತ್ತಾಳೆ.

ಇದಕ್ಕೆ ಗಡಿಯ ರಾಜಕಾರಣವನ್ನು ಸೇರಿಸಿ ನೋಡಿ. 2022ರ ಡಿಸೆಂಬರ್‌ನಲ್ಲಿ ವಾಹನಗಳ ಮೇಲೆ ಕಲ್ಲು ಬಿದ್ದಾಗ, 2025ರ ಫೆಬ್ರವರಿಯಲ್ಲಿ ಬೆಳಗಾವಿಯ ಬಳಿ ನಿರ್ವಾಹಕರೊಬ್ಬರ ಮೇಲೆ ಹಲ್ಲೆಯಾದಾಗ, ಎರಡೂ ರಾಜ್ಯಗಳ ನಡುವಿನ ಬಸ್ ಸಂಚಾರ ಅಸ್ತವ್ಯಸ್ತಗೊಂಡಿತು. ಭಾಷೆಯ ಅಭಿಮಾನ ತಪ್ಪಲ್ಲ. ಆದರೆ ಕೊಗನೊಳ್ಳಿಯ ಗಡಿಯಲ್ಲಿ ಬಸ್ಸು ನಿಂತರೆ ಅಭಿಮಾನಿಗಳು ತಮ್ಮ ತಮ್ಮ ಕಾರುಗಳಲ್ಲಿ ಮನೆಗೆ ಹೋಗುತ್ತಾರೆ. ಕೊಲ್ಹಾಪುರದ ಆಸ್ಪತ್ರೆಯಿಂದ ಮಗುವನ್ನು ಎತ್ತಿಕೊಂಡು ಹೊರಟವಳು ಎಲ್ಲಿಗೆ ಹೋಗಬೇಕು? ಬಸ್ಸು ನಿಲ್ಲಿಸುವ ತೀರ್ಮಾನ ಮಾಡುವವರ ಲೆಕ್ಕದಲ್ಲಿ ಈಕೆ ಎಂದೂ ಇರುವುದಿಲ್ಲ. ಕನ್ನಡದ ಹೆಸರಲ್ಲಾಗಲಿ, ಮರಾಠಿಯ ಹೆಸರಲ್ಲಾಗಲಿ ಮುಷ್ಕರ ಹೂಡುವವರು ಈಕೆಯ ಹೆಸರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ನಾವು ಆಗ್ರಹಿಸುತ್ತೇವೆ.

ಸಹೋದರರೇ, ಇಲ್ಲಿಯವರೆಗೆ ನಾವು ಸರ್ಕಾರದ, ರಸ್ತೆಯ, ಬಸ್ಸಿನ ಮಾತನ್ನಾಡಿದೆವು. ನೀವೆಲ್ಲ ತಲೆದೂಗಿದಿರಿ. ಇನ್ನು ಮುಂದಿನ ಮಾತು ನಮ್ಮ ಮನೆಗಳದ್ದು, ಅದು ಅಷ್ಟು ಹಿತವೆನಿಸಲಿಕ್ಕಿಲ್ಲ.

ಈ ಸಭೆಗೆ ಮುನ್ನ ನಾವು ಕೆಲವು ವಿದ್ಯಾರ್ಥಿನಿಯರೊಂದಿಗೆ ಕುಳಿತು ಮಾತನಾಡಿದೆವು. ಬಸ್ಸಿನಲ್ಲಿ ತೊಂದರೆಯಾದರೆ ಏನು ಮಾಡುತ್ತೀರಿ ಎಂದು ಕೇಳಿದೆವು. ಸ್ಥಳ ಬದಲಿಸುತ್ತೇವೆ, ಪಿನ್ ಇಟ್ಟುಕೊಳ್ಳುತ್ತೇವೆ, ಬ್ಯಾಗನ್ನು ಅಡ್ಡ ಹಿಡಿಯುತ್ತೇವೆ ಎಂದರು. ಮನೆಯಲ್ಲಿ ಹೇಳುತ್ತೀರಾ ಎಂದು ಕೇಳಿದಾಗ ಎಲ್ಲರೂ ಮೌನವಾದರು. ಕೊನೆಗೆ ಒಬ್ಬಳು, ದ್ವಿತೀಯ ಪಿಯುಸಿಯ ಹುಡುಗಿ, "ಹೇಳಿದರೆ ಕಾಲೇಜು ಬಿಡಿಸುತ್ತಾರೆ" ಎಂದಳು. ಉಳಿದವರು ಅದಕ್ಕೆ ಏನನ್ನೂ ಸೇರಿಸಲಿಲ್ಲ.

ಈ ಮಾತಿನ ಭಾರವನ್ನು ತಂದೆಯಂದಿರು ಅರ್ಥಮಾಡಿಕೊಳ್ಳಬೇಕು. ಕಿರುಕುಳ ಕೊಟ್ಟವನು ಮರುದಿನ ಅದೇ ಬಸ್ಸಿನಲ್ಲಿ ಅದೇ ಕಂಬಿ ಹಿಡಿದು ನಿಂತಿರುತ್ತಾನೆ. ಕಿರುಕುಳಕ್ಕೊಳಗಾದವಳು ಮನೆಯಲ್ಲಿ ಕೂರುತ್ತಾಳೆ, ಆರು ತಿಂಗಳಲ್ಲಿ ಆಕೆಗೊಂದು ವರ ಗೊತ್ತಾಗುತ್ತದೆ. ಶಿಕ್ಷೆಯಾದದ್ದು ಯಾರಿಗೆ? ತನ್ನ ಮಗಳನ್ನು ಅಪಾಯದಿಂದ ಪಾರುಮಾಡಿದೆನೆಂದು ತಂದೆ ನೆಮ್ಮದಿಯಿಂದ ಮಲಗುತ್ತಾನೆ. ಆದರೆ ತಂಗಿಗೆ ಅಕ್ಕನ ಪ್ರಕರಣ ಪಾಠವಾಗುತ್ತದೆ: ಏನಾದರೂ ಬಾಯಿ ಬಿಡಬೇಡ. ಹೀಗೆ ಕಾಳಜಿಯೇ ಅಪರಾಧಿಯ ಕಾವಲುಗಾರನಾಗಿಬಿಡುತ್ತದೆ.

ಇದು ನಮ್ಮ ಸಮುದಾಯದ ಸಮಸ್ಯೆ ಮಾತ್ರವೆಂದು ಯಾರೂ ಭಾವಿಸುವುದು ಬೇಡ. ದೆಹಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಯರ ಕುರಿತು ಅರ್ಥಶಾಸ್ತ್ರಜ್ಞೆ ಗಿರಿಜಾ ಬೋರ್ಕರ್ ನಡೆಸಿದ ಅಧ್ಯಯನವೊಂದಿದೆ. ಉತ್ತಮ ಅಂಕಗಳಿದ್ದರೂ ಹುಡುಗಿಯರು ದಾರಿ ಸುರಕ್ಷಿತವೆನಿಸುವ ಕೆಳದರ್ಜೆಯ ಕಾಲೇಜನ್ನು ಆರಿಸಿಕೊಳ್ಳುತ್ತಾರೆ, ಹುಡುಗರು ಹಾಗೆ ಮಾಡುವುದು ತೀರ ಕಡಿಮೆ ಎಂಬುದು ಅದರ ತಿರುಳು. ರಾಜಧಾನಿಯಲ್ಲೇ ಹೀಗಾದರೆ, ಕಾಲೇಜೇ ಒಂದೆರಡಿರುವ ಕಾಗವಾಡದಲ್ಲಿ ಆರಿಸಿಕೊಳ್ಳಲು ಏನಿದೆ? ಇಲ್ಲಿ ಹುಡುಗಿ ಕೆಳದರ್ಜೆಯ ಕಾಲೇಜನ್ನು ಆರಿಸುವುದಿಲ್ಲ, ಕಾಲೇಜನ್ನೇ ಬಿಡುತ್ತಾಳೆ.

ಇನ್ನು ಮನೆಯೇ ಸುರಕ್ಷಿತವೆಂಬ ನಂಬಿಕೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಗಳು ವರ್ಷದಿಂದ ವರ್ಷಕ್ಕೆ ಒಂದೇ ವಿಷಯವನ್ನು ಹೇಳುತ್ತಿವೆ. ಅತ್ಯಾಚಾರದ ಪ್ರತಿ ನೂರು ಪ್ರಕರಣಗಳಲ್ಲಿ ತೊಂಬತ್ತಕ್ಕೂ ಹೆಚ್ಚರಲ್ಲಿ ಆರೋಪಿ ಸಂತ್ರಸ್ತೆಗೆ ಪರಿಚಿತನೇ ಆಗಿರುತ್ತಾನೆ: ಬಂಧು, ನೆರೆಯವ, ಗೆಳೆಯ, ಒಡೆಯ. ರಸ್ತೆಯ ಭಯವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ರಸ್ತೆಯನ್ನು ತೋರಿಸಿ ಹೆಣ್ಣನ್ನು ಬಾಗಿಲೊಳಗೆ ಕಟ್ಟಿಹಾಕುವ ವಾದಕ್ಕೆ ಈ ಅಂಕಿಗಳ ಮುಂದೆ ಕಾಲಿಲ್ಲ. ಉಡುಪಿನ ವಾದಕ್ಕೂ ಇಲ್ಲ. ಸೀರೆಯುಟ್ಟವಳಿಗೂ, ಸಮವಸ್ತ್ರದವಳಿಗೂ, ಬುರ್ಖಾ ತೊಟ್ಟವಳಿಗೂ ಕೆಟ್ಟ ಕೈ ತಾಗುತ್ತದೆ. ಉಡುಪು ಹುಡುಗಿಯ ನಂಬಿಕೆಯ ವಿಷಯ, ಪುಂಡನಿಗೆ ಅದು ಲೆಕ್ಕಕ್ಕಿಲ್ಲ.

ಧರ್ಮದ ಹೆಸರಲ್ಲಿ ಕೇಳುವ ಪ್ರಶ್ನೆಯೂ ನಮಗೆ ತಿಳಿದಿದೆ. ಮಹ್ರಮ್ ಇಲ್ಲದೆ ಹೆಣ್ಣು ಪ್ರಯಾಣಿಸಬಹುದೇ? ವಿದ್ವಾಂಸರಲ್ಲಿ ಈ ಬಗ್ಗೆ ಮೊದಲಿನಿಂದಲೂ ಭಿನ್ನಾಭಿಪ್ರಾಯವಿದೆ. ಕಡ್ಡಾಯ ಹಜ್ಜ್‌ನ ವಿಷಯದಲ್ಲಿ, ನಂಬಿಕಸ್ಥರ ಜೊತೆ ದೊರೆತರೆ ಹೋಗಬಹುದೆಂದು ಶಾಫಿ ಮತ್ತು ಮಾಲಿಕಿ ವಿದ್ವಾಂಸರು ಅಭಿಪ್ರಾಯಪಟ್ಟರು. ನಮ್ಮ ದೇಶದಲ್ಲೂ 2018ರಿಂದ 45 ವರ್ಷ ದಾಟಿದ ಮಹಿಳೆಯರು ನಾಲ್ವರು ಅಥವಾ ಅದಕ್ಕಿಂತ ಹೆಚ್ಚಿನವರ ತಂಡವಾಗಿ ಹಜ್ಜ್‌ಗೆ ಹೊರಡಲು ಅವಕಾಶವಾಯಿತು. ಈ ಚರ್ಚೆಯ ತೀರ್ಪನ್ನು ಈ ವೇದಿಕೆಯಿಂದ ಕೊಡಲು ನಾವು ಬಂದಿಲ್ಲ. ಎರಡು ಸಂಗತಿಗಳನ್ನು ಮಾತ್ರ ನೆನಪಿಸುತ್ತೇವೆ.

ಮೊದಲನೆಯದು ಬುಖಾರಿಯಲ್ಲಿರುವ ಅದಿಯ್ ಬಿನ್ ಹಾತಿಮ್‌ರ ವರದಿ. ದಾರಿಗಳ್ಳತನದ ದೂರು ಬಂದಾಗ ಪ್ರವಾದಿ(ಸ)ರವರು ಕೊಟ್ಟ ಭವಿಷ್ಯವಾಣಿ ಏನು? ಹೀರಾದಿಂದ ಹೊರಟ ಮಹಿಳೆಯೊಬ್ಬಳು ಅಲ್ಲಾಹನ ಹೊರತು ಇನ್ನಾರ ಭಯವೂ ಇಲ್ಲದೆ ಕಅಬಾ ತಲುಪುವ ಕಾಲ ಬರಲಿದೆ ಎಂಬುದು. ಆ ಕಾಲವನ್ನು ತಾನು ಕಣ್ಣಾರೆ ಕಂಡೆನೆಂದು ಅದಿಯ್ ಮುಂದೆ ಹೇಳುತ್ತಾರೆ. ಒಳ್ಳೆಯ ಆಡಳಿತವನ್ನು ಅಳೆಯುವ ಮಾನದಂಡ ಇಲ್ಲಿ ಸೈನ್ಯವಲ್ಲ, ಖಜಾನೆಯಲ್ಲ, ಮಹಿಳೆಯೊಬ್ಬಳ ನಿರ್ಭೀತ ಪಯಣ. ಎರಡನೆಯದು ಹಝ್ರತ್ ಆಯಿಶಾ(ರ)ರ ಪ್ರಸಂಗ. ಕಳೆದುಹೋದ ಸರವನ್ನು ಹುಡುಕುತ್ತ ಹಿಂದುಳಿದ ಅವರನ್ನು ಬಿಟ್ಟು ತಂಡ ಮುಂದೆ ಸಾಗಿತ್ತು. ಹಿಂದಿನಿಂದ ಬಂದ ಸಫ್ವಾನ್(ರ)ರು ತನ್ನ ಒಂಟೆಯನ್ನು ಕೂರಿಸಿ ಅವರನ್ನು ಏರಿಸಿ, ತಾನು ಮೂಗುದಾರ ಹಿಡಿದು ನಡೆದರು. ಮದೀನಾದ ನಾಲಿಗೆಗಳು ಹರಿದಾಡಿದವು. ಆಗ ಕುರ್‌ಆನ್‌ನ 'ಅನ್ನೂರ್' ಅಧ್ಯಾಯ ತರಾಟೆಗೆ ತೆಗೆದುಕೊಂಡದ್ದು ಒಂಟಿಯಾಗಿ ಉಳಿದ ಮಹಿಳೆಯನ್ನಲ್ಲ, ನಾಲಿಗೆ ಹರಿಬಿಟ್ಟವರನ್ನು. ಸಂಜೆ ತಡವಾಗಿ ಬಂದ ಹುಡುಗಿಯ ಬಗ್ಗೆ ಓಣಿಯ ಕಟ್ಟೆಯಲ್ಲಿ ಕುಳಿತು ಮಾತನಾಡುವವರು ಆ ಅಧ್ಯಾಯವನ್ನು ಇನ್ನೊಮ್ಮೆ ಓದಲಿ.

ಮಹಾನಗರದ ಮಾತಿಗೆ ಬರುತ್ತೇವೆಂದು ಹೇಳಿದ್ದೆವು. ಬ್ರಿಟನ್ನಿನ ರೈಲುಗಳಲ್ಲಿ ಮಹಿಳೆಯರಿಗೇ ಮೀಸಲಾದ ಕೋಣೆಗಳಿದ್ದವು, 1977ರಲ್ಲಿ ಅವು ಕೊನೆಗೊಂಡವು. ಇನ್ನು ಅವುಗಳ ಅಗತ್ಯವಿಲ್ಲವೆಂದು ಆ ಸಮಾಜ ಭಾವಿಸಿತು. 2021ರ ಮಾರ್ಚ್ 3ರಂದು ಲಂಡನ್‌ನಲ್ಲಿ 33ರ ಸಾರಾ ಎವರಾರ್ಡ್ ಎಂಬ ಯುವತಿ ರಾತ್ರಿ ಗೆಳತಿಯರ ಮನೆಯ ಕಡೆಯಿಂದ ತನ್ನ ಮನೆಗೆ ನಡೆದು ಹೊರಟಿದ್ದಳು. ದೀಪಗಳಿದ್ದ ಮುಖ್ಯರಸ್ತೆ, ಅಲ್ಲಲ್ಲಿ ಕ್ಯಾಮರಾಗಳು. ಆಕೆಯನ್ನು ತಡೆದವನು ಸೇವೆಯಲ್ಲಿದ್ದ ಪೊಲೀಸ್ ಅಧಿಕಾರಿ. ತನ್ನ ಗುರುತಿನ ಚೀಟಿ ತೋರಿಸಿ, ಬಂಧನದ ನಾಟಕವಾಡಿ ಕಾರಿಗೆ ಹತ್ತಿಸಿ, ಅತ್ಯಾಚಾರವೆಸಗಿ ಕೊಂದ. ಅದೇ ವರ್ಷದ ಸೆಪ್ಟೆಂಬರ್ 30ರಂದು ಅವನಿಗೆ ಆಜೀವ ಸೆರೆವಾಸವಾಯಿತು. ಎಚ್ಚರದಿಂದಿರಿ ಎಂದು ಹೆಣ್ಣಿಗೆ ಕೊಡುವ ಉಪದೇಶದ ಮಿತಿಯನ್ನು ಈ ಪ್ರಕರಣ ತೋರಿಸುತ್ತದೆ. ಆಕೆ ಎಚ್ಚರದಿಂದಲೇ ಇದ್ದಳು.

ಅದೇ ಖಂಡದ ವಿಯೆನ್ನಾ ನಗರ ಬೇರೊಂದು ದಾರಿ ಹಿಡಿಯಿತು. 1991ರಲ್ಲಿ ಅಲ್ಲಿ ನಗರದಲ್ಲಿ ಮಹಿಳೆಯರ ದೈನಂದಿನ ಬದುಕಿನ ಬಗ್ಗೆ ಛಾಯಾಚಿತ್ರ ಪ್ರದರ್ಶನವೊಂದು ನಡೆಯಿತು. ಮರುವರ್ಷ ನಗರಾಡಳಿತದಲ್ಲಿ ಮಹಿಳಾ ಕಚೇರಿ ಸ್ಥಾಪನೆಯಾಯಿತು. ಮುಂದೆ ಕಾಲುದಾರಿ ಅಗಲವಾಯಿತು, ಬೀದಿದೀಪ ಹೆಚ್ಚಿತು, ಉದ್ಯಾನಗಳ ವಿನ್ಯಾಸ ಬದಲಾಯಿತು. ಹೆಣ್ಣು ಎಲ್ಲಿ ನಡೆಯುತ್ತಾಳೆ, ಯಾವಾಗ ನಡೆಯುತ್ತಾಳೆ, ಎಲ್ಲಿ ಹೆದರುತ್ತಾಳೆ ಎಂದು ಮೊದಲು ಅವಳನ್ನೇ ಕೇಳಿದರು. ನಮ್ಮ ಪುರಸಭೆಗಳು ಬೀದಿದೀಪದ ಕಂಬವನ್ನು ಯಾರನ್ನು ಕೇಳಿ ನೆಡುತ್ತವೆ? ಯಾವ ಸದಸ್ಯರ ಮನೆ ಯಾವ ತಿರುವಿನಲ್ಲಿದೆ ಎಂಬುದನ್ನು ನೋಡಿದರೆ ಉತ್ತರ ಸಿಗುತ್ತದೆ.

ಕೇಳಿ ಪಡೆಯುವುದು ಈ ನೆಲಕ್ಕೆ ಹೊಸತೇನಲ್ಲ. ನಿಪ್ಪಾಣಿಯ ತಂಬಾಕು ಕಾರ್ಖಾನೆಗಳ ಬಡ ಹೆಂಗಸರು 1980ರ ಆಸುಪಾಸಿನಲ್ಲಿ ಸಂಘ ಕಟ್ಟಿದರು. ಅವರ ದುಡಿಮೆ ಮತ್ತು ಹೋರಾಟದ ಕುರಿತು ದೀಪಾ ಧನರಾಜ್ ಮೊದಲಾದವರ ಯುಗಾಂತರ್ ತಂಡ 1982ರಲ್ಲಿ ಸಾಕ್ಷ್ಯಚಿತ್ರವನ್ನೇ ತಯಾರಿಸಿತು. ಬೀಡಿ ಕಾರ್ಖಾನೆಗಳಲ್ಲಿ ಹೆಂಗಸರನ್ನು ಬೆಳಿಗ್ಗೆ 6ರಿಂದ ಸಂಜೆ 7ರ ನಡುವೆ ಮಾತ್ರ ದುಡಿಸಬೇಕೆಂದು 1966ರ ಬೀಡಿ ಕಾಯ್ದೆ ಹೇಳಿತ್ತು. ಆದರೆ ಏಳಕ್ಕೆ ಹೊರಬಿದ್ದವಳು ಮನೆಗೆ ಹೇಗೆ ತಲುಪುತ್ತಾಳೆಂದು ಅದು ಯೋಚಿಸಿರಲಿಲ್ಲ. ಓದುಬರಹ ತಿಳಿಯದ ಆ ತಾಯಂದಿರು ಮಾಲೀಕರ ಎದುರು ನಿಂತರು. ಓದಿದ ನಾವು ಡಿಪೋ ವ್ಯವಸ್ಥಾಪಕರಿಗೆ ಒಂದು ಮನವಿ ಕೊಡಲು ಹಿಂಜರಿಯುತ್ತೇವೆ.

ಸಹೋದರಿಯರೇ, ಕಾನೂನಿನ ಕೆಲವು ಸಂಗತಿಗಳನ್ನು ನೀವು ಬಾಯಿಪಾಠ ಮಾಡಿಕೊಳ್ಳಬೇಕು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಮಾನಭಂಗದ ಉದ್ದೇಶದಿಂದ ಮೈಮುಟ್ಟಿದರೆ 74ನೇ ವಿಧಿ, ಒಂದರಿಂದ ಐದು ವರ್ಷ ಸಜೆ. ಬೇಡವೆಂದರೂ ಹಿಂಬಾಲಿಸಿದರೆ 78, ಕೆಟ್ಟ ಮಾತು ಸನ್ನೆಗಳಿಗೆ 79. ಹದಿನೆಂಟು ತುಂಬದವರಿಗೆ 2012ರ ಪೋಕ್ಸೋ ಕಾಯ್ದೆಯ ರಕ್ಷಣೆ ಬೇರೆಯೇ ಇದೆ. ಗಡಿಯವರಾದ ನಮಗೆ ಇದಕ್ಕಿಂತ ಮುಖ್ಯವಾದದ್ದು ಶೂನ್ಯ ಎಫ್‌ಐಆರ್. ಕಾಗವಾಡದಿಂದ ಮೀರಜ್‌ಗೆ ಹೋಗುವ ದಾರಿಯಲ್ಲಿ ತೊಂದರೆಯಾಯಿತೆನ್ನಿ. ಅದು ಕರ್ನಾಟಕದ ಠಾಣೆಯದೋ ಮಹಾರಾಷ್ಟ್ರದ ಠಾಣೆಯದೋ ಎಂದು ನೀವು ಅಲೆಯಬೇಕಾಗಿಲ್ಲ. ನಾಗರಿಕ ಸುರಕ್ಷಾ ಸಂಹಿತೆಯ 173ನೇ ವಿಧಿಯ ಪ್ರಕಾರ ಘಟನೆ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಇಂತಹ ಅಪರಾಧಗಳ ದೂರನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು. 74ನೇ ವಿಧಿಯಂತಹ ದೂರನ್ನು ದಾಖಲಿಸಲು ನಿರಾಕರಿಸುವ ಅಧಿಕಾರಿಗೆ ಆರು ತಿಂಗಳಿಗೆ ಕಡಿಮೆಯಿಲ್ಲದ ಸಜೆಯನ್ನು 199ನೇ ವಿಧಿ ವಿಧಿಸುತ್ತದೆ. ಠಾಣೆಯಲ್ಲಿ ಆ ವಿಧಿಯ ಸಂಖ್ಯೆಯನ್ನು ಹೇಳಿದರೆ ಸಾಕು, ಮಾತಿನ ಧಾಟಿ ಬದಲಾಗುವುದನ್ನು ನಾವು ನೋಡಿದ್ದೇವೆ.

ರೈಲಿನ ವಿಷಯದಲ್ಲಿ ಹೆಚ್ಚಿನವರಿಗೆ ತಿಳಿಯದ ಒಂದು ವಿಧಿಯಿದೆ. 1989ರ ರೈಲ್ವೆ ಕಾಯ್ದೆಯ 139ನೇ ವಿಧಿಯ ಪ್ರಕಾರ, ಜೊತೆಗೆ ಗಂಡಸಿಲ್ಲದ ಹೆಣ್ಣಿನ ಬಳಿ ಟಿಕೆಟ್ ಇಲ್ಲದಿದ್ದರೂ ಆಕೆಯನ್ನು ಸಿಕ್ಕ ಸಿಕ್ಕ ನಿಲ್ದಾಣದಲ್ಲಿ ಇಳಿಸುವಂತಿಲ್ಲ. ಆಕೆ ಪ್ರಯಾಣ ಆರಂಭಿಸಿದ ನಿಲ್ದಾಣ, ಜಂಕ್ಷನ್, ಕೊನೆಯ ನಿಲ್ದಾಣ ಅಥವಾ ಜಿಲ್ಲಾ ಕೇಂದ್ರದಲ್ಲಿ ಮಾತ್ರ, ಅದೂ ಹಗಲು ಹೊತ್ತಿನಲ್ಲಿ ಮಾತ್ರ ಇಳಿಸಬಹುದು. ಚಿಂಚಲಿಯಲ್ಲೋ ಶೇಡಬಾಳದಲ್ಲೋ ರಾತ್ರಿ ಇಳಿಸಿದರೆ ಅದು ಕಾನೂನುಬಾಹಿರ. ಕಾಕತಾಳೀಯವೆಂಬಂತೆ ರೈಲ್ವೆಯ ಸಹಾಯವಾಣಿಯ ಸಂಖ್ಯೆಯೂ 139 ಎಂಬುದರಿಂದ ನೆನಪಿಡುವುದು ಸುಲಭ. ಉಳಿದಂತೆ 112 ಎರಡೂ ರಾಜ್ಯಗಳಲ್ಲಿ ನಡೆಯುತ್ತದೆ, 181 ಮಹಿಳಾ ಸಹಾಯವಾಣಿ. 2020ರಿಂದ ರೈಲ್ವೆ ರಕ್ಷಣಾ ಪಡೆಯು ಒಂಟಿಯಾಗಿ ಪ್ರಯಾಣಿಸುವ ಮಹಿಳೆಯರಿಗಾಗಿ 'ಮೇರಿ ಸಹೇಲಿ' ಎಂಬ ವ್ಯವಸ್ಥೆಯನ್ನು ನಡೆಸುತ್ತಿದೆ.

ಆದರೆ ಸಹಾಯವಾಣಿಯವರು ಬರುವ ಮುನ್ನ ಅಲ್ಲಿ ಇರುವವರು ನಾವು ನೀವೇ. 2023ರ ಡಿಸೆಂಬರ್‌ನಲ್ಲಿ ನಮ್ಮದೇ ಜಿಲ್ಲೆಯ ಹೊಸ ವಂಟಮೂರಿಯಲ್ಲಿ ನಡೆದದ್ದನ್ನು ಮರೆಯಲು ಸಾಧ್ಯವೇ? ಮಗ ಪ್ರೀತಿಸಿದ ಹುಡುಗಿಯೊಂದಿಗೆ ಹೋದನೆಂದು ತಾಯಿಯನ್ನು ಮನೆಯಿಂದ ಎಳೆದು, ವಿವಸ್ತ್ರಗೊಳಿಸಿ, ಕಂಬಕ್ಕೆ ಕಟ್ಟಿ ಹೊಡೆದರು. ಆಕೆ ಪ್ರಯಾಣದಲ್ಲಿರಲಿಲ್ಲ, ತನ್ನ ಮನೆಯಲ್ಲಿದ್ದಳು. ರಾಜ್ಯ ಹೈಕೋರ್ಟು ಸ್ವಯಂಪ್ರೇರಿತವಾಗಿ ಪ್ರಕರಣವನ್ನು ಕೈಗೆತ್ತಿಕೊಂಡಿತು. ಅಷ್ಟೊಂದು ಜನರ ನಡುವೆ ಬಿಡಿಸಲು ಮುಂದಾದವನು ಒಬ್ಬನೇ ಒಬ್ಬ, ಅವನಿಗೂ ಪೆಟ್ಟು ಬಿತ್ತು ಎಂಬುದನ್ನು ನ್ಯಾಯಪೀಠ ನೋವಿನಿಂದ ಗುರುತಿಸಿತು, ಮೂಕಪ್ರೇಕ್ಷಕರ ಹೊಣೆಯನ್ನು ಪ್ರಶ್ನಿಸಿತು. ಆ ಒಬ್ಬನ ಸ್ಥಾನದಲ್ಲಿ ನಾವಿದ್ದಿದ್ದರೆ ಏನು ಮಾಡುತ್ತಿದ್ದೆವು? ಪ್ರಾಮಾಣಿಕವಾಗಿ ಹೇಳುವುದಾದರೆ, ನಮಗೂ ಖಚಿತವಿಲ್ಲ. ಬಸ್ಸಿನಲ್ಲಿ ಹುಡುಗಿ ಒಮ್ಮೆ ಗದರಿದಾಗ ಕಿಟಕಿಯಾಚೆ ನೋಡುವವರಲ್ಲಿ ನಾವೂ ಇದ್ದೆವು. ಇದನ್ನು ಒಪ್ಪಿಕೊಳ್ಳದೆ ಉಪದೇಶ ಮಾಡುವುದು ಸರಿಯಲ್ಲ.

ಇನ್ನು ಕೆಲಸದ ಮಾತು. ಐದೂ ತಾಲೂಕುಗಳ ಕಾಲೇಜು ವೇಳಾಪಟ್ಟಿ ಮತ್ತು ಸಂಜೆಯ ಬಸ್ಸುಗಳ ವೇಳಾಪಟ್ಟಿಯನ್ನು ಅಕ್ಕಪಕ್ಕ ಇಟ್ಟು, ಎಲ್ಲಿ ಹೊಂದುವುದಿಲ್ಲವೆಂದು ಗುರುತಿಸಿ ವಾಯುವ್ಯ ಸಾರಿಗೆಯ ಚಿಕ್ಕೋಡಿ ವಿಭಾಗಕ್ಕೆ ಮನವಿ ಕೊಡಬೇಕು. ದೀಪವಿಲ್ಲದ ತಂಗುದಾಣಗಳ ಪಟ್ಟಿಯನ್ನು ವಿದ್ಯಾರ್ಥಿನಿಯರೇ ಬರೆಯಲಿ, ಯಾಕೆಂದರೆ ಅವು ಎಲ್ಲಿವೆಯೆಂದು ಅವರಿಗಿಂತ ಚೆನ್ನಾಗಿ ಇನ್ನಾರಿಗೂ ತಿಳಿಯದು. ಸಂಜೆಯ ನಂತರ ತೋಟದ ಮನೆಗಳ ದಾರಿಯಲ್ಲಿ ಕೇಳಿದಲ್ಲಿ ಬಸ್ಸು ನಿಲ್ಲಿಸುವಂತಾಗಬೇಕು. ಮಸೀದಿ ಸಮಿತಿಗಳ ಯುವಕರು ಕಟ್ಟೆಯಲ್ಲಿ ಕುಳಿತು ಬಂದುಹೋಗುವವರನ್ನು ಎಣಿಸುವ ಬದಲು ಈ ಪಟ್ಟಿಯನ್ನು ಹಿಡಿದು ಪುರಸಭೆಗೆ ಹೋಗಲಿ. ತಂದೆಯಂದಿರಿಂದ ನಾವು ಕೇಳುವುದು ಒಂದೇ. ಇಂದು ರಾತ್ರಿ ಮಗಳನ್ನು ಕರೆದು, ದಾರಿಯಲ್ಲಿ ಏನೇ ಆದರೂ ನನಗೆ ಹೇಳು, ನಿನ್ನ ಕಾಲೇಜು ನಿಲ್ಲುವುದಿಲ್ಲ ಎಂದು ಮಾತು ಕೊಡಿ. ಆಮೇಲೆ ಆಕೆ ಹೇಳಿದಾಗ ಆ ಮಾತನ್ನು ಉಳಿಸಿಕೊಳ್ಳಿ.

ಪ್ರಶ್ನೋತ್ತರಕ್ಕೆ ಸಮಯವಿಟ್ಟಿದ್ದಾರೆ. ಆದರೆ ರಾಯಬಾಗ ಮತ್ತು ಅಥಣಿ ಕಡೆಯ ಸಹೋದರಿಯರ ಬಸ್ಸಿನ ಹೊತ್ತಾಯಿತೆಂದು ಹಿಂದಿನ ಸಾಲಿನಿಂದ ಚೀಟಿ ಬಂದಿದೆ. ಅವರು ಮೊದಲು ಹೊರಡಲಿ. ದೀಪವಿಲ್ಲದ ತಂಗುದಾಣಗಳ ಹೆಸರು ಬರೆಯಲು ಬಾಗಿಲ ಬಳಿ ಒಂದು ಪುಸ್ತಕ ಇಟ್ಟಿದ್ದೇವೆ, ಹೋಗುವಾಗ ಬರೆದು ಹೋಗಿ.